ಬೇಕನ್ ತೆಳುದಾ ದಪ್ಪದ್ದಾ?
ಬೆಂಗಳೂರಿನ ಫ್ರೇಜರ್ ಟೌನ್ ಕಡೆ ಬೇಕನ್ (ಉಪ್ಪು ಹಾಕಿ ಹದ ಮಾಡಿರೋ ಹಂದಿ ಮಾಂಸದ ಪಟ್ಟಿ) ತಗೊಳ್ಳೋಕೆ ಹೋಗೋರು ಮೊದ್ಲು ಏನ್ ಮಾಡೋದು ಅಂತ ಡಿಸೈಡ್ ಮಾಡ್ಕೊಂಡ್ ಹೋಗಿ, ಸ್ಯಾಂಡ್‌ವಿಚ್ಚಿಗೆ, ಚಿಕನ್ ಸುತ್ತಿ ಬೇಕ್ ಮಾಡೋಕೆ ತೆಳುದೇ ಸರಿ, ಸುಮಾರು 1.5 ಮಿಮೀ ಇರತ್ತೆ, ಹಪ್ಪಳದ ಥರ ಗರಿಗರಿ ಆಗತ್ತೆ, ಆದ್ರೆ ಒಂದ್ ನಿಮಿಷ ಫೋನ್ ನೋಡಿದ್ರೆ ಸೀದೇ ಹೋಗತ್ತೆ (ಹೋದ್ ಭಾನುವಾರ ನಂದೂ ಅದೇ ಕಥೆ). ದಪ್ಪದ್ದು 3 ಮಿಮೀ ಹತ್ರ, ಅಂಚು ಗರಿ ಒಳಗೆ ಮೆತ್ತಗೆ, ತುಂಡು ಮಾಡಿ ಪಾಸ್ತಾಗೋ ಹುರುಳಿಕಾಯಿ ಪಲ್ಯಕ್ಕೋ ಹಾಕಿದ್ರೆ ಬಾಯಿಗೆ ಸಿಗತ್ತೆ, ನನ್ ಓಟು ಇದಕ್ಕೇ. ಯಾವ್ದಾದ್ರೂ ಸರಿ ಕಾದಿರೋ ತವಾಗೆ ಹಾಕ್ಬೇಡಿ, ತಣ್ಣಗಿರೋ ಪ್ಯಾನಲ್ಲಿ ಜೋಡ್ಸಿ ಆಮೇಲೆ ಸಣ್ಣ ಉರಿ ಹಚ್ಚಿ, ಕೊಬ್ಬು ನಿಧಾನಕ್ಕೆ ಕರಗತ್ತೆ, ಎಣ್ಣೆನೇ ಬೇಡ. ಆ ಕೊಬ್ಬನ್ನ ಚೆಲ್ಬೇಡಿ ಮಾರಾಯ್ರೆ, ಸೋಸಿ ಫ್ರಿಜ್ಜಲ್ಲಿಟ್ಟು ಬೆಳಗ್ಗೆ ಅದ್ರಲ್ಲೇ ಮೊಟ್ಟೆ ಹಾಕ್ಕೊಳ್ಳಿ.