ಕಾಲೇಜು ಮಹಿಳಾ ವಾಲಿಬಾಲ್ ತಂಡಕ್ಕೆ ಸ್ಪೈಕರ್‌ಗಳನ್ನು ಹುಡುಕಿ ತರುವುದು ಹೇಗೆ

ತುಮಕೂರು ಜಿಲ್ಲೆಯ ಅನೇಕ ಪದವಿ ಕಾಲೇಜುಗಳಲ್ಲಿ ಮಹಿಳಾ ವಾಲಿಬಾಲ್ ತಂಡದ ಆಯ್ಕೆ ಎಂದರೆ, ಪ್ರವೇಶಾತಿ ಮುಗಿದ ಮೇಲೆ ನೋಟಿಸ್ ಬೋರ್ಡಿಗೆ ಒಂದು ಪ್ರಕಟಣೆ ಹಾಕಿ, ಬಂದ ಹುಡುಗಿಯರಲ್ಲಿ ಹನ್ನೆರಡು ಮಂದಿಯನ್ನು ಆರಿಸಿಕೊಳ್ಳುವುದು ಎಂದೇ ರೂಢಿಯಾಗಿದೆ. ಹಾಗೆ ಬಂದವರಲ್ಲಿ ಹಿಂದಿನ ಸಾಲಿನಲ್ಲಿ ನಿಂತು ಚೆಂಡು ಕಾಯುವ ಚುರುಕಾದ ಲಿಬೆರೊ ಸಿಗಬಹುದು, ಹೊಡೆಯುವವಳಿಗೆ ಚೆಂಡು ಎತ್ತಿಕೊಡುವ, ಕೈ ಹದವಾಗಿರುವ ಸೆಟ್ಟರ್ ಕೂಡ ಸಿಗಬಹುದು. ಆದರೆ ನೆಟ್ ಮೇಲೆ ಏರಿ ಸ್ಮ್ಯಾಶ್ ಹೊಡೆಯುವ ಹುಡುಗಿ, ಅಂದರೆ ಸ್ಪೈಕರ್, ನೋಟಿಸ್ ನೋಡಿಕೊಂಡು ಬರುವುದು ತೀರ ಅಪರೂಪ. ಓಟ, ನೆಗೆತ, ಕೈ ಬೀಸು, ಚೆಂಡು ಬರುವ ಹೊತ್ತು, ಈ ನಾಲ್ಕೂ ಒಂದೇ ಕ್ಷಣದಲ್ಲಿ ಕೂಡಿಬರಬೇಕಾದ ಕೆಲಸ ಅದು. ಹದಿನೆಂಟನೆಯ ವಯಸ್ಸಿನಲ್ಲಿ ಅದನ್ನು ಮೊದಲ ಸಲ ಕಲಿಯಲು ಹೊರಟರೆ ಪದವಿಯ ಮೂರು ವರ್ಷಗಳೂ ಕಲಿಕೆಗೇ ಸರಿಹೋಗುತ್ತವೆ. ಆದ್ದರಿಂದ ಸ್ಪೈಕರ್‌ಗಳನ್ನು ಎಂಟು, ಒಂಬತ್ತು, ಹತ್ತನೆಯ ತರಗತಿಯಲ್ಲಿರುವಾಗಲೇ ಗುರುತಿಸಿ, ಪಿಯುಸಿ ಮುಗಿಯುವವರೆಗೆ ಅವರ ಮೇಲೆ ಒಂದು ಕಣ್ಣಿಟ್ಟಿರಬೇಕಾಗುತ್ತದೆ. ಈ ಜಿಲ್ಲೆಯ ಕಾಲೇಜೊಂದರ ದೈಹಿಕ ಶಿಕ್ಷಣ ನಿರ್ದೇಶಕಿಯಾಗಿ ನಾನು ನಡೆದುಕೊಂಡು ಬಂದ ದಾರಿಯನ್ನು ಇಲ್ಲಿ ಬರೆಯುತ್ತಿದ್ದೇನೆ. ಕೋಲಾರ, ಚಿಕ್ಕಬಳ್ಳಾಪುರದ ಕಾಲೇಜುಗಳಿಗೂ ಇದು ಹೆಚ್ಚುಕಡಿಮೆ ಹೊಂದುತ್ತದೆ.

ಮೊದಲು ಎಷ್ಟು ಮಂದಿ ಬೇಕು ಎಂಬ ಲೆಕ್ಕ ಹಾಕಿಕೊಳ್ಳಿ. 12 ಮಂದಿಯ ತಂಡದಲ್ಲಿ ಇಬ್ಬರು ಸೆಟ್ಟರ್, ಒಬ್ಬ ಲಿಬೆರೊ ಬಿಟ್ಟರೆ ಉಳಿದ 9 ಮಂದಿಯೂ ಹೊಡೆಯುವವರೇ: ನೆಟ್ ಮುಂದೆ ಎಡಬದಿಯ 4ನೆಯ ಸ್ಥಾನಕ್ಕೆ ನಾಲ್ವರು, ನಡುವೆ ನಿಂತು ಎದುರಾಳಿಯ ಹೊಡೆತವನ್ನು ನೆಟ್ ಮೇಲೆ ತಡೆದು (ಬ್ಲಾಕ್), ಸೆಟ್ಟರ್ ಗಿಡ್ಡವಾಗಿ ಎತ್ತಿದ ಚೆಂಡನ್ನು ತಟ್ಟನೆ ಹೊಡೆಯಲು (ಕ್ವಿಕ್) ಮೂವರು, ಬಲಬದಿಯ 2ನೆಯ ಸ್ಥಾನಕ್ಕೆ ಇಬ್ಬರು. 2024ರಿಂದ ರಾಜ್ಯದಲ್ಲಿ ಪದವಿ ಮತ್ತೆ ಮೂರು ವರ್ಷದ್ದಾಗಿರುವುದರಿಂದ, ವರ್ಷಕ್ಕೆ ಸರಾಸರಿ ಮೂವರು ಸ್ಪೈಕರ್‌ಗಳು ಕಾಲೇಜು ಬಿಟ್ಟು ಹೋಗುತ್ತಾರೆ, ಮೂವರು ಹೊಸಬರು ಬರಬೇಕು. ಈ ಮೂವರಲ್ಲಿ ಒಬ್ಬಳು ಎಡಗೈಯವಳಾದರೆ ಬಹಳ ಒಳ್ಳೆಯದು. ಬಲಬದಿಯಲ್ಲಿ ನಿಂತವಳಿಗೆ ಸೆಟ್ಟರ್ ಎತ್ತಿಕೊಟ್ಟ ಚೆಂಡು ಎಡಗಡೆಯಿಂದ ಬರುತ್ತದೆ. ಬಲಗೈಯವಳಾದರೆ ಅದು ಮೈಯ ಮುಂದೆ ಹಾದು ಆಚೆ ಭುಜಕ್ಕೆ ಬರುವವರೆಗೆ ಕಾಯಬೇಕು, ಎಡಗೈಯವಳಿಗೆ ನೇರವಾಗಿ ಹೊಡೆಯುವ ಕೈಗೇ ಸಿಗುತ್ತದೆ.

ಹುಡುಕಬೇಕಾದ ಜಾಗ ಹೋಬಳಿ ಮಟ್ಟದ ಶಾಲಾ ಕ್ರೀಡಾಕೂಟ. ಜಿಲ್ಲಾ ಮಟ್ಟದ ಕೂಟ ನೋಡಲು ಎಲ್ಲರೂ ಮಹಾತ್ಮ ಗಾಂಧಿ ಕ್ರೀಡಾಂಗಣಕ್ಕೆ ಬರುತ್ತಾರೆ, ಅಷ್ಟು ಹೊತ್ತಿಗೆ ಸೋತ ಶಾಲೆಯ ಒಳ್ಳೆಯ ಹುಡುಗಿ ಮನೆ ಸೇರಿರುತ್ತಾಳೆ. ಹೆಬ್ಬೂರು, ಬೆಳ್ಳಾವಿ, ಊರ್ಡಿಗೆರೆಯಂಥ ಹೋಬಳಿಗಳ ಕೂಟಗಳಿಗೆ ಬೆಳಿಗ್ಗೆಯೇ ಹೋಗಿ, ಸಾಯಂಕಾಲದವರೆಗೆ ಕೂರಿ. ಅಲ್ಲಿ ವಾಲಿಬಾಲ್ ಅಂಕಣವನ್ನಷ್ಟೇ ನೋಡಿದರೆ ಅರ್ಧ ಕೆಲಸವೂ ಆಗುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ಜಾತ್ರೆ ಹೊತ್ತಿನ ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾವಳಿಗಳು ಬಹುತೇಕ ಗಂಡಸರವು. ಹುಡುಗಿಯರ ಕೈಗೆ ಶಾಲೆಯಲ್ಲಿ ಮೊದಲು ಸಿಗುವ ಆಟ ಥ್ರೋಬಾಲ್. ನನ್ನ ತಂಡಕ್ಕೆ ಬಂದ ಒಳ್ಳೆಯ ಸ್ಪೈಕರ್‌ಗಳಲ್ಲಿ ಹೆಚ್ಚಿನವರು ಥ್ರೋಬಾಲ್ ಅಂಕಣದಿಂದಲೇ ಬಂದವರು.

ಥ್ರೋಬಾಲ್‌ನಲ್ಲಿ ಚೆಂಡನ್ನು ಎರಡು ಕೈಯಲ್ಲಿ ಹಿಡಿದು, ಮೂರು ಸೆಕೆಂಡಿನೊಳಗೆ, ಒಂದೇ ಕೈಯಿಂದ, ಭುಜದ ಮೇಲಿನಿಂದ ಎಸೆಯಬೇಕೆಂಬ ನಿಯಮವಿದೆ. ಅದರ ನೆಟ್ 2.2 ಮೀಟರ್, ಮಹಿಳಾ ವಾಲಿಬಾಲ್‌ನದು 2.24 ಮೀಟರ್, ವ್ಯತ್ಯಾಸ ನಾಲ್ಕೇ ಸೆಂಟಿಮೀಟರ್. ಹೀಗಾಗಿ ಆ ಎತ್ತರದ ಮೇಲಿಂದ ಎದುರು ಅಂಕಣದ ಖಾಲಿ ಜಾಗ ನೋಡುವ ಅಭ್ಯಾಸ ಈ ಹುಡುಗಿಯರಿಗೆ ಮೊದಲೇ ಆಗಿರುತ್ತದೆ. ಹೋಬಳಿ ಕೂಟವೊಂದರಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳನ್ನು ನಾನು ಬಹಳ ಹೊತ್ತು ನೋಡುತ್ತ ನಿಂತಿದ್ದೆ. ಬರಿಗಾಲು, ಎರಡು ಜಡೆಯನ್ನು ರಿಬ್ಬನ್ನಿನಲ್ಲಿ ಮಡಿಸಿ ಕಟ್ಟಿದ್ದಳು. ಚೆಂಡು ಕೈಗೆ ಬಂದೊಡನೆ ಅವಳ ಮೊಣಕೈ ಕಿವಿಯ ಹಿಂದಕ್ಕೆ, ಕಿವಿಗಿಂತ ಮೇಲಕ್ಕೆ ಹೋಗುತ್ತಿತ್ತು. ಎಸೆಯುವಾಗ ಮೊದಲು ಸೊಂಟ ತಿರುಗಿ, ಆಮೇಲೆ ಭುಜ, ಆಮೇಲೆ ಮೊಣಕೈ, ಕೊನೆಗೆ ಮಣಿಕಟ್ಟು ಮುಂದೆ ಬರುತ್ತಿದ್ದವು. ಉಳಿದ ಹುಡುಗಿಯರು ಬರೀ ತೋಳಿನಿಂದ ದೂಡುತ್ತಿದ್ದರು. ಅವಳ ತಂಡ ಎರಡು ನೇರ ಸೆಟ್‌ಗಳಲ್ಲಿ ಸೋತಿತು. ಅವಳ ಹೆಸರು, ಶಾಲೆ, ತರಗತಿ, ಹೊಡೆಯುವ ಕೈ, ಅಂದಾಜು ಎತ್ತರ ಇಷ್ಟನ್ನು ಬರೆದುಕೊಂಡು, ಅವಳ ದೈಹಿಕ ಶಿಕ್ಷಣ ಶಿಕ್ಷಕರನ್ನು ಹುಡುಕಿಕೊಂಡು ಹೋದೆ.

ಥ್ರೋಬಾಲ್ ಹುಡುಗಿಯರಲ್ಲಿ ಬಿಡಿಸಬೇಕಾದ ಅಭ್ಯಾಸಗಳೂ ಇವೆ ಎಂಬುದನ್ನು ಮರೆಯಬಾರದು. ಅವರು ಚೆಂಡನ್ನು ಹಿಡಿಯುತ್ತಾರೆ, ವಾಲಿಬಾಲ್‌ನಲ್ಲಿ ಹಿಡಿದರೆ ತಪ್ಪು. ನಿಂತಲ್ಲೇ ನಿಂತು ಎಸೆಯುತ್ತಾರೆ, ಸ್ಪೈಕ್‌ಗೆ ಓಡಿ ಬರಬೇಕು. ಹದಿನಾಲ್ಕು, ಹದಿನೈದರ ವಯಸ್ಸಿನಲ್ಲಿ ಇವೆರಡನ್ನೂ ಬಿಡಿಸುವುದು ಕಷ್ಟವಲ್ಲ. ಥ್ರೋಬಾಲ್ ಬಿಟ್ಟರೆ ಎತ್ತರ ಜಿಗಿತ, ಉದ್ದ ಜಿಗಿತ, ಜಾವೆಲಿನ್ ಮತ್ತು ಹ್ಯಾಂಡ್‌ಬಾಲ್ ನಡೆಯುವ ಕಡೆಯೂ ಹೋಗಿ ನಿಲ್ಲಿ. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳಿಗೆ ವರ್ಷಕ್ಕೊಮ್ಮೆಯಾದರೂ ಭೇಟಿ ಕೊಡುವುದು ಲಾಭದ ಕೆಲಸ, ಏಕೆಂದರೆ ಅಲ್ಲಿನ ಮಕ್ಕಳಿಗೆ ಸಂಜೆ ಬಸ್ಸಿಗೆ ಓಡುವ ಅವಸರವಿರುವುದಿಲ್ಲ, ದಿನವೂ ಆಡಿರುತ್ತಾರೆ.

ಹುಡುಗಿ ಹದಿನೆಂಟರ ಒಳಗಿನವಳಾದ್ದರಿಂದ ಅವಳೊಡನೆ ನೇರವಾಗಿ ಫೋನಿನಲ್ಲಾಗಲಿ ವಾಟ್ಸಾಪ್‌ನಲ್ಲಾಗಲಿ ಸಂಪರ್ಕ ಇಟ್ಟುಕೊಳ್ಳಬೇಡಿ. ಮಾತೆಲ್ಲ ಶಾಲೆಯ ಶಿಕ್ಷಕರ ಮೂಲಕ, ತಂದೆತಾಯಿಯ ಮೂಲಕ ನಡೆಯಲಿ. ಪಿ.ಟಿ. ಮೇಷ್ಟ್ರನ್ನು ಕೇಳಬೇಕಾದ ಪ್ರಶ್ನೆ ‘ಚೆನ್ನಾಗಿ ಆಡ್ತಾಳಾ?’ ಎಂಬುದಲ್ಲ. ಅಭ್ಯಾಸಕ್ಕೆ ಹೇಳದೆ ತಪ್ಪಿಸಿಕೊಳ್ಳುತ್ತಾಳೆಯೇ, ಬೈದ ಮರುದಿನ ಬರುತ್ತಾಳೆಯೇ, ರಾಗಿ ಕಟಾವಿನ ಹೊತ್ತಿನಲ್ಲಿ ಎಷ್ಟು ದಿನ ಶಾಲೆ ಬಿಡುತ್ತಾಳೆ, ಮನೆಯಲ್ಲಿ ಅವಳ ಓದಿನ ಬಗ್ಗೆ ಯಾರ ಮಾತು ನಡೆಯುತ್ತದೆ, ಇವನ್ನು ಕೇಳಿ.

ಹೀಗೆ ಬರೆದಿಟ್ಟುಕೊಂಡ ಹದಿನೈದು ಇಪ್ಪತ್ತು ಹುಡುಗಿಯರನ್ನು ರಜೆಯಲ್ಲಿ ಒಂದು ಬೆಳಿಗ್ಗೆ ಪೋಷಕರೊಡನೆ ಕಾಲೇಜಿನ ಅಂಕಣಕ್ಕೆ ಕರೆಸಿಕೊಳ್ಳಿ. ಮೊದಲ ಪರೀಕ್ಷೆಗೆ ಒಂದು ಗೋಡೆ, ಒಂದು ಟೇಪು, ಒಂದಿಷ್ಟು ಸೀಮೆಸುಣ್ಣ ಸಾಕು. ಹುಡುಗಿ ಗೋಡೆಗೆ ಪಕ್ಕವಾಗಿ ನಿಂತು, ಹಿಮ್ಮಡಿ ಎತ್ತದೆ, ಹೊಡೆಯುವ ಕೈಯನ್ನು ಮೇಲೆ ಚಾಚಿ ಗುರುತು ಹಾಕಲಿ. ಆಮೇಲೆ ಮೂರು ಹೆಜ್ಜೆ ಓಡಿಬಂದು ನೆಗೆದು ಇನ್ನೊಂದು ಗುರುತು ಹಾಕಲಿ. ನನಗೆ ಬೇಕಾದ ಅಂಕಿ ಎರಡನೆಯದು, ಬರೀ ಎತ್ತರವಲ್ಲ. ನೆಟ್ 224 ಸೆಂ.ಮೀ. ಇದೆ, ಚೆಂಡಿನ ಅಡ್ಡಳತೆ ಸುಮಾರು 21 ಸೆಂ.ಮೀ. ಇದೆ. ಆದ್ದರಿಂದ ಬೆರಳ ತುದಿ 250 ಸೆಂ.ಮೀ. ದಾಟದಿದ್ದರೆ ಚೆಂಡನ್ನು ಕೆಳಮುಖವಾಗಿ ಬಡಿಯುವುದು ಕಷ್ಟ. 172 ಸೆಂ.ಮೀ. ಎತ್ತರದ ಹುಡುಗಿ ನಿಂತು 222 ಮುಟ್ಟಿ, 28 ಸೆಂ.ಮೀ. ನೆಗೆದರೆ 250ಕ್ಕೆ ನಿಲ್ಲುತ್ತಾಳೆ. 165 ಸೆಂ.ಮೀ. ಎತ್ತರದವಳು ನಿಂತು 212 ಮುಟ್ಟಿ, 45 ನೆಗೆದರೆ 257ಕ್ಕೆ ಹೋಗುತ್ತಾಳೆ. ಸಾಲಿನಲ್ಲಿ ನಿಲ್ಲಿಸಿ ಎತ್ತರ ನೋಡಿ ಆರಿಸಿದರೆ ಈ ಎರಡನೆಯವಳು ಕೈ ತಪ್ಪಿ ಹೋಗುತ್ತಾಳೆ. ಹುಡುಗಿಯರು ಋತುಮತಿಯರಾದ ಎರಡು ವರ್ಷಗಳೊಳಗೆ ಬಹುಪಾಲು ಎತ್ತರ ಬೆಳೆದು ಮುಗಿಸಿರುತ್ತಾರೆ. ಆ ಮೇಲೆ ತರಬೇತಿಯಿಂದ ಹೆಚ್ಚುವುದು ನೆಗೆತವೇ ಹೊರತು ಎತ್ತರವಲ್ಲ.

ಎರಡನೆಯದಾಗಿ ಹೆಜ್ಜೆ ನೋಡಿ. ಬಲಗೈಯವಳು ಎಡ, ಬಲ, ಎಡ ಎಂದು ಬರಬೇಕು. ಮೊದಲ ಹೆಜ್ಜೆ ನಿಧಾನ, ಎರಡನೆಯದು ಉದ್ದ, ಮೂರನೆಯದು ಅದರ ಬೆನ್ನಿಗೇ ಟಪ್ಪನೆ ಬೀಳಬೇಕು. ತಾವಾಗಿಯೇ ಕಲಿತ ಹುಡುಗಿಯರಲ್ಲಿ ಹಲವರು ಕಾಲು ಅದಲುಬದಲು ಇಡುತ್ತಾರೆ. ಅಷ್ಟಕ್ಕೇ ಯಾರನ್ನೂ ಕೈಬಿಡಬೇಡಿ. ಕೊನೆಯ ಎರಡು ಹೆಜ್ಜೆಗಳಲ್ಲಿ ವೇಗ ಏರುತ್ತದೆಯೇ, ಆ ಹೊತ್ತಿನಲ್ಲಿ ಎರಡೂ ತೋಳುಗಳು ಹಿಂದಕ್ಕೆ ಹೋಗಿ ಮೇಲಕ್ಕೆ ಬೀಸಿ ಬರುತ್ತವೆಯೇ ಎಂಬುದನ್ನಷ್ಟೇ ಗಮನಿಸಿ. ನೆಟ್ ಹತ್ತಿರ ಬಂದಂತೆ ನಿಧಾನವಾಗುವವಳಿಗಿಂತ, ತಪ್ಪು ಕಾಲಿಟ್ಟರೂ ವೇಗ ಏರಿಸಿಕೊಂಡು ಬರುವವಳನ್ನು ನಾನು ಆರಿಸುತ್ತೇನೆ. ಕಾಲು ತಿದ್ದಬಹುದು, ಭಯವನ್ನು ತಿದ್ದಲು ಬಹಳ ದಿನ ಬೇಕು. ಕೈ ನೋಡಲು ವಾಲಿಬಾಲ್ ಕೊಡುವುದಕ್ಕಿಂತ ಮೊದಲು ಟೆನಿಸ್ ಚೆಂಡು ಕೊಟ್ಟು, ನೆಟ್‌ನಿಂದ 3 ಮೀಟರ್ ದೂರದ ಗೆರೆಯ ಹಿಂದಿನಿಂದ ನೆಟ್ ಮೇಲೆ ಬಲವಾಗಿ ಎಸೆಯಲು ಹೇಳಿ. ಮೊಣಕೈ ಮೇಲಿದೆಯೇ ಕೆಳಗೆ ಬೀಳುತ್ತದೆಯೇ ಎಂಬುದು ಹತ್ತು ಎಸೆತಗಳಲ್ಲಿ ತಿಳಿದುಹೋಗುತ್ತದೆ.

ಮೂರನೆಯದು ಇಳಿಯುವ ರೀತಿ. ಇದನ್ನು ನಾನು ನನ್ನ ತಪ್ಪಿನಿಂದ ಕಲಿತೆ. ಒಮ್ಮೆ ತುಂಬ ಎತ್ತರಕ್ಕೆ ನೆಗೆಯುತ್ತಿದ್ದ ಹುಡುಗಿಯೊಬ್ಬಳನ್ನು ಕಂಡ ಕೂಡಲೇ ಆರಿಸಿಕೊಂಡುಬಿಟ್ಟೆ. ಅವಳು ಪ್ರತಿ ಸಲವೂ ಒಂದೇ ಕಾಲಿನ ಮೇಲೆ ಇಳಿಯುತ್ತಿದ್ದುದನ್ನೂ, ಇಳಿಯುವಾಗ ಆ ಮೊಣಕಾಲು ಒಳಕ್ಕೆ ವಾಲುತ್ತಿದ್ದುದನ್ನೂ ನೋಡಿದ್ದರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಎರಡನೆಯ ತಿಂಗಳಲ್ಲೇ ಮೊಣಕಾಲಿನ ಅಸ್ಥಿಬಂಧ ಹರಿದು, ಅವಳು ಮತ್ತೆ ಆಡಲೇ ಇಲ್ಲ. ನೆಗೆತದ ಆಟಗಳಲ್ಲಿ ಇಂಥ ಗಾಯ ಹುಡುಗರಿಗಿಂತ ಹುಡುಗಿಯರಿಗೆ ಹೆಚ್ಚು ಆಗುತ್ತದೆ. ಈಗ ಮೊಣಕಾಲು ಒಳಕ್ಕೆ ವಾಲುವ ಹುಡುಗಿ ಕಂಡರೆ ಅವಳನ್ನು ಬಿಡುವುದಿಲ್ಲ. ಆದರೆ ಎರಡೂ ಕಾಲಿನ ಮೇಲೆ, ಮಂಡಿ ಬಗ್ಗಿಸಿ, ಸದ್ದಿಲ್ಲದೆ ಇಳಿಯುವುದು ರೂಢಿಯಾಗುವವರೆಗೆ ಅವಳಿಗೆ ಸ್ಮ್ಯಾಶ್ ಹೊಡೆಯಲು ಕೊಡುವುದಿಲ್ಲ.

ಆಮೇಲೆ ಇಪ್ಪತ್ತು ನಿಮಿಷ ಏನಾದರೂ ಹೊಸದನ್ನು ಕಲಿಸಿ. ಮೂರು ಹೆಜ್ಜೆಯ ಲಯವನ್ನೋ, ಮಣಿಕಟ್ಟು ಬಗ್ಗಿಸಿ ಚೆಂಡಿಗೆ ಸುತ್ತು ಕೊಡುವುದನ್ನೋ ಹೇಳಿಕೊಟ್ಟು, ಹದಿನೈದು ದಿನ ಬಿಟ್ಟು ಮತ್ತೆ ಕರೆಸಿ. ಹೇಳಿಕೊಟ್ಟದ್ದನ್ನು ಮನೆಯಂಗಳದಲ್ಲಿ ಮಾಡಿಕೊಂಡು ಬಂದವಳು ಯಾರು ಎಂಬುದು ಆಗ ಗೊತ್ತಾಗುತ್ತದೆ. ಕೊನೆಗೆ ಆರು ಆರು ಮಂದಿಯ ಆಟ ಆಡಿಸಿ. ಹೊಡೆದ ಚೆಂಡು ನೆಟ್‌ಗೆ ಬಿದ್ದಾಗ ಅವಳು ಸೆಟ್ಟರ್ ಕಡೆ ಸಿಟ್ಟಿನಿಂದ ನೋಡುತ್ತಾಳೋ, ಮುಂದಿನ ಚೆಂಡನ್ನೂ ತನಗೇ ಕೊಡು ಎಂದು ಕೇಳುತ್ತಾಳೋ ನೋಡಿ. 4ನೆಯ ಸ್ಥಾನಕ್ಕೆ ಬೇಕಾದವಳು ಸರ್ವ್ ರಿಸೀವ್ ಮಾಡಲೇಬೇಕು, ಅಂದರೆ ಎದುರಿನಿಂದ ಬಂದ ಸರ್ವ್ ಚೆಂಡನ್ನು ಎತ್ತಿ ಸೆಟ್ಟರ್‌ಗೆ ಕೊಡಲೇಬೇಕು, ಏಕೆಂದರೆ ಎದುರಾಳಿಗಳು ಸರ್ವ್ ಹಾಕುವುದೇ ಅವಳ ಮೇಲೆ. ರಿಸೀವ್ ಬಾರದ ಸ್ಪೈಕರ್‌ಗೆ ಕಾಲೇಜು ಮಟ್ಟದಲ್ಲಿ ಅರ್ಧ ಆಟ ಬೆಂಚಿನ ಮೇಲೆಯೇ ಕಳೆಯುತ್ತದೆ.

ಇಷ್ಟಾದ ಮೇಲೆ ಅವಳ ಮನೆಗೆ ಹೋಗಬೇಕು. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಅತಿ ಮುಖ್ಯವಾದದ್ದು ಇದೇ. ಶಾಲೆಯ ಶಿಕ್ಷಕರನ್ನೂ, ನಿಮ್ಮ ತಂಡದ ಹಿರಿಯ ಆಟಗಾರ್ತಿಯೊಬ್ಬಳನ್ನೂ ಜೊತೆಗೆ ಕರೆದುಕೊಂಡು ಹೋಗಿ. ಮೊದಲು ಹೇಳಿದ ಆ ಎರಡು ಜಡೆಯ ಹುಡುಗಿಯ ಮನೆಯಲ್ಲಿ ಅವಳ ತಂದೆ ಕೇಳಿದ್ದು ಒಂದೇ ಪ್ರಶ್ನೆ: “ಮೇಡಂ, ಆಡ್ಲಿ, ಬ್ಯಾಡ ಅನ್ನಲ್ಲ. ಸಂಜೆ ಎಷ್ಟೊತ್ಗೆ ಮನೆ ಸೇರ್ತಾಳೆ, ಅದನ್ನ ಹೇಳಿ.” ಅವರ ತಾಯಿ, ಹುಡುಗಿಯ ಅಜ್ಜಿ, ಬಾಗಿಲಲ್ಲಿ ಕೂತು ಹುರುಳಿ ಹಸನು ಮಾಡುತ್ತಿದ್ದರು. ತಲೆ ಎತ್ತದೆಯೇ, “ಕಾಲ್ಗೀಲು ಮುರ್ಕಂಡ್ರೆ ಏನ್ ಮಾಡಾದು ಕಣವ್ವ?” ಎಂದರು. ಇವೆರಡಕ್ಕೂ ನೇರವಾದ ಉತ್ತರ ನಿಮ್ಮಲ್ಲಿರಬೇಕು. ಅಭ್ಯಾಸ ಎಷ್ಟು ಗಂಟೆಗೆ ಮುಗಿಯುತ್ತದೆ, ಅವರ ಊರಿನ ಬಸ್ಸು ಎಷ್ಟು ಹೊತ್ತಿಗಿದೆ, ಬಸ್ ನಿಲ್ದಾಣದವರೆಗೆ ಜೊತೆಗೆ ಯಾರು ಬರುತ್ತಾರೆ, ಹೊರ ಊರಿನ ಪಂದ್ಯಗಳಿಗೆ ಯಾವ ಮಹಿಳಾ ಸಿಬ್ಬಂದಿ ಹೋಗುತ್ತಾರೆ, ಗಾಯವಾದರೆ ಆಸ್ಪತ್ರೆಯ ಖರ್ಚು ಯಾರದು, ಇವನ್ನೆಲ್ಲ ಪ್ರಾಂಶುಪಾಲರೊಡನೆ ಮೊದಲೇ ಮಾತಾಡಿ ಇತ್ಯರ್ಥ ಮಾಡಿಕೊಂಡೇ ಹೊರಡಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಗಿರುವುದು ನಮ್ಮ ಕೆಲಸಕ್ಕೆ ದೊಡ್ಡ ಆಸರೆಯಾಗಿದೆ. ಆದರೆ ಕೊನೆಯ ಬಸ್ಸು ತಪ್ಪಿದರೆ ಉಚಿತ ಟಿಕೆಟ್ಟಿನಿಂದ ಪ್ರಯೋಜನವಿಲ್ಲ. ಪಾವಗಡದಂಥ ದೂರದ ತಾಲ್ಲೂಕಿನ ಹುಡುಗಿಯಾದರೆ ಹಾಸ್ಟೆಲ್ ಸೀಟಿನ ಮಾತು ಮುಗಿಯದೆ ಬೇರೆ ಮಾತು ತೆಗೆಯಬೇಡಿ.

ಉಡುಪಿನ ಬಗ್ಗೆ ಮನೆಯವರು ಬಾಯಿಬಿಟ್ಟು ಕೇಳದಿದ್ದರೂ ಮನಸ್ಸಿನಲ್ಲಿ ಇಟ್ಟುಕೊಂಡಿರುತ್ತಾರೆ. ಇಡೀ ತಂಡಕ್ಕೆ ಒಂದೇ ಬಣ್ಣದ, ಮೊಣಕಾಲು ಮುಚ್ಚುವ ಪ್ಯಾಂಟ್ ಹೊಲಿಸಿದರೆ ಆ ಮಾತು ಅಲ್ಲಿಗೇ ಮುಗಿಯುತ್ತದೆ. ಸರ್ಕಾರಿ ಕೆಲಸ ಸಿಗುತ್ತದೆ, ರಾಜ್ಯ ತಂಡಕ್ಕೆ ಸೇರಿಸುತ್ತೇವೆ ಎಂಬಂಥ ಭರವಸೆಗಳನ್ನು ಎಂದೂ ಕೊಡಬೇಡಿ. ಶುಲ್ಕದಲ್ಲಿ ಎಷ್ಟು ರಿಯಾಯಿತಿ, ಶೂ ಮತ್ತು ಮೊಣಕಾಲು ಪಟ್ಟಿ ಕಾಲೇಜಿನದೇ, ಪಂದ್ಯದ ದಿನಗಳ ಹಾಜರಾತಿ ಹೇಗೆ ಎಂಬುದನ್ನು ಮಾತ್ರ ಬರವಣಿಗೆಯಲ್ಲಿ ಕೊಡಿ. ಇನ್ನೊಂದು ಕಾಲೇಜಿನಲ್ಲಿ ಓದುತ್ತಿರುವ ಹುಡುಗಿಯನ್ನು ನಡುವೆ ಎಳೆದುಕೊಂಡು ಬರುವ ಪರಿಪಾಠ ಕೆಲವು ಕಡೆ ಇದೆ. ಅದರಿಂದ ಅವಳ ಓದು ಕೆಡುತ್ತದೆ, ನಾನು ಅದನ್ನು ಒಪ್ಪುವುದಿಲ್ಲ.

ಹತ್ತನೆಯ ತರಗತಿಗೂ ಪದವಿಗೂ ನಡುವಿನ ಪಿಯುಸಿಯ ಎರಡು ವರ್ಷಗಳಲ್ಲೇ ಹೆಚ್ಚಿನ ಹುಡುಗಿಯರು ಆಟ ಬಿಡುವುದು. ಆ ಅವಧಿಯಲ್ಲಿ ಪದವಿಪೂರ್ವ ಇಲಾಖೆಯ ತಾಲ್ಲೂಕು ಕೂಟಕ್ಕೆ ಹೋಗಿ ಅವಳ ಆಟ ನೋಡಿ, ರಜೆಯಲ್ಲಿ ಹತ್ತು ದಿನದ ಶಿಬಿರಕ್ಕೆ ಕರೆಯಿರಿ. ಕ್ರೀಡಾ ಪ್ರಮಾಣಪತ್ರಗಳನ್ನೂ ಜನ್ಮ ದಿನಾಂಕದ ದಾಖಲೆಯನ್ನೂ ಒಂದೇ ಕಡೆ ಜೋಪಾನ ಮಾಡಲು ಹೇಳಿ. ಅಂತರ ವಿಶ್ವವಿದ್ಯಾಲಯ ಕೂಟಗಳಲ್ಲಿ ಆಡಲು 17ರಿಂದ 25 ವರ್ಷದ ಮಿತಿಯಿದ್ದು, ಹುಟ್ಟಿದ ದಿನಾಂಕ ಒಂದು ಕಾಗದದಲ್ಲಿ ಒಂದು ರೀತಿ, ಇನ್ನೊಂದರಲ್ಲಿ ಇನ್ನೊಂದು ರೀತಿ ಇದ್ದರೆ ಆಮೇಲೆ ಪರದಾಡಬೇಕಾಗುತ್ತದೆ. ದ್ವಿತೀಯ ಪಿಯುಸಿ ಫಲಿತಾಂಶ ಬಂದ ವಾರದಲ್ಲೇ ಮನೆಗೆ ಇನ್ನೊಮ್ಮೆ ಹೋಗಿ, ಪ್ರವೇಶದ ಆನ್‌ಲೈನ್ ಅರ್ಜಿಯನ್ನು ಕಾಲೇಜಿನ ಕಂಪ್ಯೂಟರ್‌ನಲ್ಲೇ ತುಂಬಿಸಿಕೊಡಿ.

ಸೇರಿದ ಮೊದಲ ವಾರ ರಕ್ತ ಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್ ಡೆಸಿಲೀಟರ್‌ಗೆ 12 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ ಎಂದರ್ಥ. ನಮ್ಮ ಹುಡುಗಿಯರಲ್ಲಿ ಇದು ಬಹಳ ಸಾಮಾನ್ಯವಾಗಿದ್ದು, ಎರಡನೆಯ ಸೆಟ್‌ಗೆ ಏದುಸಿರು ಬಿಡುವವಳನ್ನು ಸೋಮಾರಿ ಎಂದು ಬೈಯುವ ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತೋರಿಸಿ, ಅವರು ಕೊಟ್ಟ ಕಬ್ಬಿಣಾಂಶದ ಮಾತ್ರೆಯ ಜೊತೆಗೆ ಅಭ್ಯಾಸ ಮುಗಿದ ಮೇಲೆ ಬೇಯಿಸಿದ ಮೊಟ್ಟೆಯೋ ನೆನೆಸಿದ ಕಡಲೆಯೋ ಸಿಗುವಂತೆ ಮಾಡಿ. ಮೊದಲ ತಿಂಗಳು ಅವಳ ಸ್ಮ್ಯಾಶ್‌ಗಳನ್ನು ಎಣಿಸಿ ಕೊಡಿ. ನಾನು ದಿನಕ್ಕೆ ನಲವತ್ತು ದಾಟಿಸುವುದಿಲ್ಲ. ಉಳಿದ ಹೊತ್ತೆಲ್ಲ ಚೆಂಡಿಲ್ಲದ ಹೆಜ್ಜೆ, ಇಳಿಯುವ ಅಭ್ಯಾಸ, ರಿಸೀವ್. ಆ ಎರಡು ಜಡೆಯ ಹುಡುಗಿ ಈಗ ನಮ್ಮ ಕಾಲೇಜಿನ ಎರಡನೆಯ ವರ್ಷದಲ್ಲಿದ್ದಾಳೆ, 4ನೆಯ ಸ್ಥಾನದಲ್ಲಿ ಆಡುತ್ತಾಳೆ, ಸಂಜೆ ಆರೂಕಾಲಿನ ಬಸ್ಸಿಗೆ ಊರಿಗೆ ಹೋಗುತ್ತಾಳೆ.