ತಿಪಟೂರಿನಿಂದ ಮ್ಯೂನಿಕ್‌ಗೆ: ಬಾಣಂತನಕ್ಕೆ ಹೊರಟ ನನ್ನ ತಯಾರಿ

ಮಗಳು ಫೋನ್ ಮಾಡಿ "ಅಮ್ಮ, ಬಾಣಂತನಕ್ಕೆ ನೀನೇ ಬರಬೇಕು" ಅಂದಾಗ 2024ರ ಮಾರ್ಚ್. ನನಗೆ 61 ವರ್ಷ. ಪ್ರೈಮರಿ ಶಾಲೆಯ ಟೀಚರ್ ಕೆಲಸದಿಂದ ರಿಟೈರ್ ಆಗಿದ್ದೆ. ಪಾಸ್‌ಪೋರ್ಟ್ ಇರಲಿಲ್ಲ, ವಿಮಾನವನ್ನೇ ಹತ್ತಿದವಳಲ್ಲ. ಅವಳಿರುವುದು ಜರ್ಮನಿಯ ಮ್ಯೂನಿಕ್‌ನಲ್ಲಿ, ನಾನಿರುವುದು ತಿಪಟೂರಿನಲ್ಲಿ. ಹೆರಿಗೆಗೆ ಕೊಟ್ಟಿದ್ದ ತಾರೀಕು ಅಕ್ಟೋಬರ್ 28. ಇನ್ನೂ ಏಳು ತಿಂಗಳು ಇದೆಯಲ್ಲ ಅಂದುಕೊಂಡೆ. ಅದರಲ್ಲಿ ಮೂರು ತಿಂಗಳು ನನ್ನ ಹೆಸರನ್ನು ಸರಿ ಮಾಡಿಸುವುದಕ್ಕೇ ಹೋಯಿತು.

ಇದನ್ನು ಮೊದಲು ಬರೆಯುತ್ತೇನೆ. ಯಾಕಂದ್ರೆ ನನ್ನ ವಯಸ್ಸಿನ ಎಷ್ಟೋ ಹೆಂಗಸರ ಕಾಗದಗಳು ನನ್ನವುಗಳ ಥರಾನೇ ಇವೆ. ನನ್ನ ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿನಲ್ಲಿ ಬಿ. ಲಕ್ಷ್ಮಮ್ಮ ಅಂತಿದೆ. ಬಿ ಅಂದರೆ ಅಪ್ಪನ ಹೆಸರು ಬಸಪ್ಪ. ಆಧಾರ್‌ನಲ್ಲಿ ಲಕ್ಷ್ಮಿ ಬಿ. ಪ್ಯಾನ್ ಕಾರ್ಡಿನಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಹಾಗಾಗಿ ಅಲ್ಲಿ ಲಕ್ಷ್ಮಮ್ಮ ಬಸಪ್ಪ. ಇಂಗ್ಲಿಷಿನಲ್ಲಿ ಒಂದು ಕಡೆ ಕೆಎಸ್‌ಎಚ್, ಇನ್ನೊಂದು ಕಡೆ ಎಕ್ಸ್. ಊರಲ್ಲಿ ಇವೆಲ್ಲ ಒಬ್ಬಳೇ ಅಂತ ಎಲ್ಲರಿಗೂ ಗೊತ್ತು. ಕಾಗದದಲ್ಲಿ ಅವರು ಮೂರು ಜನ.

ಪಾಸ್‌ಪೋರ್ಟ್‌ನಲ್ಲೂ ಇನಿಷಿಯಲ್ ಬಿಡಿಸಿ ಬರೆಯಬೇಕು. ಸರ್‌ನೇಮ್ ಜಾಗ ಖಾಲಿ ಬಿಡಬಹುದು, ಆದರೆ ಆಮೇಲೆ ಟಿಕೆಟ್ ಮಾಡಿಸುವಾಗ ಅಲ್ಲಿ ಏನು ತುಂಬಬೇಕು ಅನ್ನುವ ತಲೆನೋವು ಶುರುವಾಗುತ್ತದೆ. ಅದಕ್ಕೆ ಪ್ಯಾನ್‌ನಲ್ಲಿರುವ ಹೆಸರನ್ನೇ ಎಲ್ಲ ಕಡೆ ಇಟ್ಟುಕೊಳ್ಳೋಣ ಅಂತ ತೀರ್ಮಾನ ಮಾಡಿದೆ. ಮೊದಲು ಆಧಾರ್ ಸರಿ ಮಾಡಿಸಿದೆ. ಆಧಾರ್‌ನಲ್ಲಿ ಹೆಸರು ಬದಲಾಯಿಸಲು ಜೀವನದಲ್ಲಿ ಎರಡೇ ಸಲ ಅವಕಾಶ. ನಾನು ಹೋದ ಸೆಂಟರಿನಲ್ಲಿ ಟೈಪ್ ಮಾಡಿದ ಹುಡುಗ ಬಸಪ್ಪದ ಒಂದು 'ಪಿ' ಬಿಟ್ಟ. ರಸೀದಿ ಕೈಗೆ ಬಂದರೂ ನಾನು ಓದಲಿಲ್ಲ, ಮಡಚಿ ಪರ್ಸಿಗೆ ಹಾಕಿಕೊಂಡೆ. ಎರಡನೇ ಅವಕಾಶವೂ ಅದಕ್ಕೇ ಖರ್ಚಾಯಿತು. ಸಬ್ಮಿಟ್ ಒತ್ತುವ ಮೊದಲು ಸ್ಕ್ರೀನ್ ನಿಮ್ಮ ಕಡೆ ತಿರುಗಿಸಿ ಅಂತ ಕೇಳಿ. ಒಂದೊಂದೇ ಅಕ್ಷರ ಬೆರಳಿಟ್ಟು ಓದಿ. ನಾಚಿಕೆ ಬೇಡ.

ಪಾಸ್‌ಪೋರ್ಟ್ ಸಿಗುವುದು ಅಷ್ಟು ಕಷ್ಟ ಇಲ್ಲ. ಬೆಂಗಳೂರಿನ ಲಾಲ್‌ಬಾಗ್ ರಸ್ತೆಯ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ದಿನ ಗೊತ್ತು ಮಾಡಿಕೊಂಡು ಹೋದೆ. 36 ಪುಟದ ಪುಸ್ತಕಕ್ಕೆ 1,500 ರೂಪಾಯಿ, 60 ದಾಟಿದವರಿಗೆ ಶೇ. 10 ಕಡಿಮೆ, ಹಾಗಾಗಿ ನನಗೆ 1,350 ಆಯಿತು. ಆಮೇಲೆ ಪೊಲೀಸರು ಮನೆಗೆ ಬಂದು ವಿಚಾರಿಸಿಕೊಂಡು ಹೋದರು. ಪುಸ್ತಕ ಅಂಚೆಯಲ್ಲಿ ಬಂತು.

ವೀಸಾ ವಿಷಯಕ್ಕೆ ಬರುತ್ತೇನೆ. ಜರ್ಮನಿಗೆ ಬೇಕಾದದ್ದು ಷೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಸೇರಿ ಒಂದೇ ವೀಸಾ. 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು. ಹೋದ ದಿನವೂ ಲೆಕ್ಕ, ಹೊರಡುವ ದಿನವೂ ಲೆಕ್ಕ. ನಮ್ಮನೆಯವರು "ಮೂರು ತಿಂಗಳು ತಾನೇ? ಅಕ್ಟೋಬರ್ 14ಕ್ಕೆ ಹೋಗಿ ಜನವರಿ 14ಕ್ಕೆ ಬಾ, ಸಂಕ್ರಾಂತಿಗೆ ಮನೆಯಲ್ಲಿರುತ್ತೀಯ" ಅಂದರು. ನಾನು ಕ್ಯಾಲೆಂಡರ್ ಹಿಡಿದು ಎಣಿಸಿದೆ. ಅಕ್ಟೋಬರ್‌ನಲ್ಲಿ 18, ನವೆಂಬರ್‌ನಲ್ಲಿ 30, ಡಿಸೆಂಬರ್‌ನಲ್ಲಿ 31. ಜನವರಿ 11ಕ್ಕೇ 90 ಮುಗಿಯುತ್ತದೆ. 14 ಅಂದರೆ 93ನೇ ದಿನ! ಜನವರಿ 8ಕ್ಕೆ ವಾಪಸ್ ಟಿಕೆಟ್ ಮಾಡಿಸಿದೆವು.

ಬಾಣಂತನಕ್ಕೆ ಹೋಗುವವರು ಈ 90 ದಿನವನ್ನು ಹೇಗೆ ಹಂಚಬೇಕು ಅನ್ನುವುದೇ ದೊಡ್ಡ ಯೋಚನೆ. ಬೇಗ ಹೋದರೆ ಮಗು ಬರುವ ಮೊದಲೇ ದಿನಗಳು ಕಳೆದುಹೋಗುತ್ತವೆ. ತಡ ಮಾಡಿದರೆ ಹೆರಿಗೆ ಮುಂಚೆ ಆಗಿಬಿಟ್ಟೀತು ಅನ್ನುವ ಭಯ. ನಾನು ಎರಡು ವಾರ ಮೊದಲು ಅಂತ ಇಟ್ಟುಕೊಂಡೆ. ಅಡುಗೆಮನೆ ಪರಿಚಯ ಆಗಬೇಕು, ನಿದ್ದೆ ಸರಿಹೋಗಬೇಕು. ಮೊಮ್ಮಗು ಬಂದ ಮೇಲೆ ಅದಕ್ಕೆಲ್ಲ ಪುರುಸೊತ್ತು ಎಲ್ಲಿ?

ನನ್ನ ಖರ್ಚಿಗೆಲ್ಲ ತಾನೇ ಹೊಣೆ ಅಂತ ಮಗಳು ಅಲ್ಲಿಯ ವಿದೇಶಿಯರ ಕಚೇರಿಯಲ್ಲಿ 29 ಯೂರೋ ಕಟ್ಟಿ ಒಂದು ಪತ್ರ ಮಾಡಿಸಿದಳು. ಅದರ ಮೂಲ ಪ್ರತಿಯೇ ಬೇಕು, ಮೊಬೈಲಿನ ಫೋಟೋ ಆಗುವುದಿಲ್ಲ. ಅದು ಅಲ್ಲಿಂದ ಪೋಸ್ಟಿನಲ್ಲಿ ಬರುವ ದಿನಗಳನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು, ಕೊನೇ ಪಕ್ಷ 15 ದಿನ ಮೊದಲು ಹಾಕಿರಬೇಕು. ನಾನು ಆಗಸ್ಟ್‌ನಲ್ಲಿ ಹಾಕಿದೆ. ಶುಲ್ಕ 90 ಯೂರೋ, ಜೊತೆಗೆ ವೀಸಾ ಅರ್ಜಿ ತೆಗೆದುಕೊಳ್ಳುವ ಸೆಂಟರಿನ ಸೇವಾ ಶುಲ್ಕ. ಇನ್ಶೂರೆನ್ಸ್ ಕನಿಷ್ಠ 30,000 ಯೂರೋದ್ದು ಇರಲೇಬೇಕು. ನನಗೆ ಬಿಪಿ ಇದೆ, ಅದನ್ನು ಮುಚ್ಚಿಡದೆ ಬರೆದೆ. ಮೊದಲೇ ಇರುವ ಕಾಯಿಲೆಗೆ ಈ ಪಾಲಿಸಿಗಳಲ್ಲಿ ಸಾಮಾನ್ಯವಾಗಿ ಹಣ ಸಿಗುವುದಿಲ್ಲ. ಅದಕ್ಕೆ ಮಾತ್ರೆ ಪೂರ್ತಿ ಇಲ್ಲಿಂದಲೇ ಒಯ್ದೆ, ಡಾಕ್ಟರ ಚೀಟಿ ಸಮೇತ, ಪಟ್ಟಿಗಳನ್ನು ಬಿಡಿಸದೆ.

ಹೋದವಳು ವಾಪಸ್ ಬರುತ್ತೇನೆ ಅಂತ ತೋರಿಸುವುದು ಮುಖ್ಯ. ಪಿಂಚಣಿ ಕಾಗದ, ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆಗೆ ತೋಟದ ಪಹಣಿಯನ್ನೂ ಇಂಗ್ಲಿಷಿಗೆ ಮಾಡಿಸಿ ಇಟ್ಟೆ. ಸೆಂಟರಿನಲ್ಲಿ ಹತ್ತು ಬೆರಳಿನ ಗುರುತು ತೆಗೆದುಕೊಳ್ಳುತ್ತಾರೆ. ಕಾಯಿ ಸುಲಿದು, ತುರಿದು ನನ್ನ ಬೆರಳಿನ ಗೆರೆಗಳು ಸವೆದಿವೆ. ಎರಡು ಸಲ ಮಷಿನ್ ಒಪ್ಪಲಿಲ್ಲ. ಅಲ್ಲಿದ್ದ ಹುಡುಗಿ "ಅಮ್ಮ, ಕೈ ತೊಳೆದು ಒರೆಸಿಕೊಂಡು ಬನ್ನಿ, ಆರಾಮಾಗಿ ಇಡಿ" ಅಂದಳು. ಮೂರನೇ ಸಲ ಬಂತು. ಎದೆ ಹೊಡೆದುಕೊಳ್ಳುವುದು ಆಮೇಲೆ ನಿಂತಿತು. ಪಾಸ್‌ಪೋರ್ಟ್ ವಾಪಸ್ ಬಂದಾಗ ವೀಸಾದ ಚೀಟಿಯಲ್ಲಿ ನಾನು ಮೊದಲು ನೋಡಿದ್ದು ಹೆಸರಿನ ಸಾಲು. ಎರಡು 'ಪಿ' ಇದ್ದವು.

ಇನ್ನು ಪೆಟ್ಟಿಗೆ. ಬಾಣಂತಿಗೆ ಅಂಟಿನುಂಡೆ ಇಲ್ಲದೆ ಆಗುತ್ತದಾ? ಅಂಟಿನುಂಡೆಗೆ ಕೊಬ್ಬರಿ ಬೇಕು. ನಾವು ತಿಪಟೂರಿನವರು, ಕೊಬ್ಬರಿಗೆ ಬರವಿಲ್ಲ. ಅಟ್ಟದ ಮೇಲೆ ಹೆಚ್ಚುಕಮ್ಮಿ ವರ್ಷ ಇಟ್ಟ ಕಾಯಿಯನ್ನು ಕಿವಿಯ ಹತ್ತಿರ ಅಲುಗಾಡಿಸಿದರೆ ಒಳಗೆ ಗಿಟುಕು ಕಟಕಟ ಅನ್ನುತ್ತದೆ. ನಮ್ಮನೆಯವರು ಒಂದೊಂದನ್ನೇ ಅಲುಗಾಡಿಸಿ, ಸದ್ದು ಕೇಳಿ, 30 ಕಾಯಿ ಆರಿಸಿ ಒಡೆದು ಕೊಟ್ಟರು. ಬಟ್ಟೆಚೀಲಕ್ಕೆ ಹಾಕಿ ಹೊಲಿದೂ ಬಿಟ್ಟೆ. ಹೊರಡಲು ಒಂದು ವಾರ ಇರುವಾಗ ಪಕ್ಕದ ಮನೆಯವರ ಮಗ ಬಂದು "ಟೀಚರ್, ಕೊಬ್ಬರಿ ವಿಮಾನದಲ್ಲಿ ಬಿಡಲ್ಲ" ಅಂದ. ನಂಬಲಿಲ್ಲ. ವಿಮಾನ ಕಂಪನಿಯ ಪಟ್ಟಿ ತೆಗೆದು ತೋರಿಸಿದ. ಒಣಕೊಬ್ಬರಿಯಲ್ಲಿ ಎಣ್ಣೆ ಜಾಸ್ತಿ, ತಾನಾಗಿಯೇ ಕಾವು ಏರಿ ಹೊತ್ತಿಕೊಳ್ಳಬಹುದು ಅಂತ ಅದು ನಿಷೇಧದ ಪಟ್ಟಿಯಲ್ಲಿದೆ. ಕೈಚೀಲದಲ್ಲೂ ಇಲ್ಲ, ದೊಡ್ಡ ಪೆಟ್ಟಿಗೆಯಲ್ಲೂ ಇಲ್ಲ. ಹೊಲಿಗೆ ಬಿಚ್ಚುವಾಗ ಕಣ್ಣು ತುಂಬಿ ಬಂತು. ನಮ್ಮ ತೋಟದ್ದು ಮಗಳ ಬಾಯಿಗೆ ಹೋಗಲಿ ಅಂತ ಎಷ್ಟು ಆಸೆ ಇತ್ತು.

ಆವತ್ತು ರಾತ್ರಿ ಮಗಳ ಜೊತೆ ಫೋನಿನಲ್ಲಿ ಮಾತಾಡುತ್ತಾ ಪಟ್ಟಿಯನ್ನು ಹೊಸದಾಗಿ ಮಾಡಿದೆ. ತುಪ್ಪ ಬೇಡ. ಹಾಲಿನ ಪದಾರ್ಥ, ಮಾಂಸದ ಪದಾರ್ಥ ಯಾವುದನ್ನೂ ಯುರೋಪಿನ ಒಕ್ಕೂಟದೊಳಕ್ಕೆ ಒಯ್ಯುವಂತಿಲ್ಲ. ಪೇಡವೂ ಇಲ್ಲ. ಅಲ್ಲಿ ಒಳ್ಳೆಯ ಬೆಣ್ಣೆ ಸಿಗುತ್ತದೆ, ಉಪ್ಪಿಲ್ಲದ್ದು ತಂದು ಕಾಯಿಸಿದರಾಯಿತು. ಹಸಿ ಕರಿಬೇವು ಬೇಡ, ಗಿಡ ಸೊಪ್ಪಿಗೆಲ್ಲ ಸಸ್ಯ ಆರೋಗ್ಯ ಪ್ರಮಾಣಪತ್ರ ಕೇಳುತ್ತಾರೆ. ಗಸಗಸೆ ಜರ್ಮನಿಯ ಅಂಗಡಿಯಲ್ಲೇ ಧಾರಾಳವಾಗಿ ಸಿಗುತ್ತದೆ. ಆದರೆ ದುಬೈ ಅಥವಾ ಸಿಂಗಾಪುರದ ಮೇಲೆ ಹೋಗುವವರು ಅದನ್ನು ಮುಟ್ಟಲೇಬೇಡಿ, ಆ ದೇಶಗಳಲ್ಲಿ ಅದು ದೊಡ್ಡ ಅಪರಾಧ. ನಾನು ಬೆಂಗಳೂರಿನಿಂದ ನೇರ ಮ್ಯೂನಿಕ್ ವಿಮಾನ ಹಿಡಿದದ್ದಕ್ಕೆ ಈ ಚಿಂತೆ ಇರಲಿಲ್ಲ.

ಕೊನೆಗೆ ಪೆಟ್ಟಿಗೆಗೆ ಹೋದದ್ದು ಅಂಟು, ಉತ್ತುತ್ತೆ, ಒಣಶುಂಠಿ, ಓಮ, ಮೆಂತ್ಯ, ಕಾಳುಮೆಣಸಿನ ಸಾರಿನಪುಡಿ. ಜೊತೆಗೆ ಒಗೆದು ಒಗೆದು ಮೆತ್ತಗಾದ ಆರು ಹಳೇ ಕಾಟನ್ ಸೀರೆ, ಕೂಸನ್ನು ಸುತ್ತುವುದಕ್ಕೆ. ಅದರಂಥ ಬಟ್ಟೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಪುಡಿಗಳನ್ನೆಲ್ಲ ಎರಡು ಕವರಿಗೆ ಹಾಕಿ, ಮೇಲೆ ಇಂಗ್ಲಿಷಿನಲ್ಲಿ ಹೆಸರು ಬರೆದು ಅಂಟಿಸಿದೆ. ಉಪ್ಪಿನಕಾಯಿ ದೊಡ್ಡ ಪೆಟ್ಟಿಗೆಯಲ್ಲೇ ಇರಲಿ, ಕೈಚೀಲದಲ್ಲಿ ನೀರು, ಎಣ್ಣೆ ಥರದ್ದಕ್ಕೆಲ್ಲ 100 ಮಿಲಿಯ ಮಿತಿ ಇದೆ. ಪವರ್‌ಬ್ಯಾಂಕ್ ಮಾತ್ರ ಕೈಚೀಲದಲ್ಲೇ ಇರಬೇಕು. ನನ್ನ ಟಿಕೆಟ್‌ಗೆ ಪೆಟ್ಟಿಗೆ 23 ಕಿಲೋ. ಕೊಕ್ಕೆ ತಕ್ಕಡಿಯಲ್ಲಿ ತೂಗಿದಾಗ 22.4 ಬಂತು. ಅಲ್ಲಿಗೆ ಕೈ ತೆಗೆದೆ. ಸ್ವೆಟರ್, ಕೋಟು ಜಾಸ್ತಿ ತುಂಬಲಿಲ್ಲ, ಅಲ್ಲಿಯ ಚಳಿಗೆ ಅಲ್ಲಿಯ ಕೋಟೇ ಸರಿ ಅಂತ ಮಗಳು ಹೇಳಿದ್ದಳು, ಹಾಗೇ ಆಯಿತು. ಮಿಕ್ಸಿ ಒಯ್ಯಬಹುದು, ಕರೆಂಟು ಇಲ್ಲಿಯಂತೆ 230 ವೋಲ್ಟೇ. ನಮ್ಮ ಮೂರು ಪಿನ್ನಿನ ಪ್ಲಗ್‌ಗೆ ಅಡಾಪ್ಟರ್ ಬೇಕು ಅಷ್ಟೆ.

ಇನ್ನೊಂದು ತಯಾರಿಯನ್ನು ಯಾರೂ ಹೇಳಿರಲಿಲ್ಲ, ನಾನೇ ಮಾಡಿಕೊಂಡೆ. ಒಂದು ತಿಂಗಳು ಬೆಳಗ್ಗೆ ಶೂ ಹಾಕಿಕೊಂಡೇ ನಡೆದೆ. ಬೆಂಗಳೂರಿಗೆ ಹೋದಾಗಲೆಲ್ಲ ಮೆಟ್ರೋ ಸ್ಟೇಷನ್ನಿನ ಎಸ್ಕಲೇಟರ್ ಹತ್ತಿ ಇಳಿದೆ. ನೆರಿಗೆಯನ್ನು ಎಡಗೈಯಲ್ಲಿ ಎತ್ತಿ ಹಿಡಿದು, ಬಲಗೈಯಲ್ಲಿ ಪಕ್ಕದ ಪಟ್ಟಿ ಹಿಡಿಯುವುದು ಮೂರನೇ ದಿನಕ್ಕೆ ರೂಢಿಯಾಯಿತು. ವಿಮಾನದಲ್ಲಿ ಸಸ್ಯಾಹಾರಿ ಊಟವನ್ನು ಮೊದಲೇ ಹೇಳಿಡಬೇಕು, ಅದನ್ನು ಮಗಳು ಟಿಕೆಟ್ ಮಾಡುವಾಗಲೇ ಹೇಳಿದ್ದಳು.

ಮ್ಯೂನಿಕ್‌ನಲ್ಲಿ ಇಮಿಗ್ರೇಷನ್ ಅಧಿಕಾರಿ ಯಾಕೆ ಬಂದಿರಿ, ಎಷ್ಟು ದಿನ ಅಂತ ಕೇಳಿದರು. "ಡಾಟರ್, ಬೇಬಿ, ಜನವರಿ 8" ಅಂದು ವಾಪಸ್ ಟಿಕೆಟ್ ತೋರಿಸಿದೆ. ಆಗ ಸೀಲು ಒತ್ತುತ್ತಿದ್ದರು. 2025ರ ಅಕ್ಟೋಬರ್ 12ರಿಂದ ಅಲ್ಲಿ ಹೊಸ ವ್ಯವಸ್ಥೆ ಶುರುವಾಗಿದೆ, ಸೀಲಿನ ಬದಲು ಗಡಿಯಲ್ಲೇ ಫೋಟೋ, ಬೆರಳಿನ ಗುರುತು ಕಂಪ್ಯೂಟರಿಗೆ ಹೋಗುತ್ತದೆ. ಹಾಗಾಗಿ ದಿನಗಳ ಲೆಕ್ಕವನ್ನು ನೀವೇ ಡೈರಿಯಲ್ಲಿ ಬರೆದಿಡಿ.

ಮೂರನೇ ದಿನ ಮಗಳ ಅಡುಗೆಮನೆಯಲ್ಲಿ ಬೆಣ್ಣೆ ಕಾಯಿಸಿದೆ. ಕೇಕ್ ಮಾಡುವವರಿಗೆ ಅಂತ ಅಲ್ಲಿಯ ಅಂಗಡಿಗಳಲ್ಲಿ ಒಣ ಕಾಯಿತುರಿ ಸಿಗುತ್ತದೆ, 200 ಗ್ರಾಮಿನ ಪೊಟ್ಟಣ. ಅದನ್ನೇ ಸಣ್ಣ ಉರಿಯಲ್ಲಿ ಹುರಿದು, ಅಂಟು ಅರಳಿಸಿ, ಬೆಲ್ಲದ ಪಾಕಕ್ಕೆ ಹಾಕಿದೆ. ಮೊದಲ ಸಲ ಉಂಡೆ ಕಟ್ಟಲು ಬರಲಿಲ್ಲ, ಪುಡಿಪುಡಿಯಾಯಿತು. ಆ ತುರಿಗೆ ನಮ್ಮ ಗಿಟುಕಿನಷ್ಟು ಎಣ್ಣೆ ಇಲ್ಲ. ಪೊಟ್ಟಣಕ್ಕೆ ಎರಡು ದೊಡ್ಡ ಚಮಚ ತುಪ್ಪ ಜಾಸ್ತಿ ಹಾಕಿ, ಬಿಸಿ ಇರುವಾಗಲೇ ಕಟ್ಟಿದೆ. ನಿಂತಿತು.