ಮಾಲಿಪಾಟೀಲ, ಪಾಟಿಲ್: ಎರಡೂ ನಮ್ಮವೇ
ಮುತ್ತಜ್ಜನ ಹೆಸರು ಹುಡುಕುತ್ತಾ ಒಂದು ವರ್ಷ ಸುಮ್ನೆ ಅಲೆದೆ. ಊರು ಕಲಬುರಗಿ ಹತ್ತಿರ, ಅಡ್ಡಹೆಸರು ಮಾಲಿಪಾಟೀಲ. ಹಳೇ ಕಾಗದದಲ್ಲಿ ಬರೀ ‘ಪಾಟಿಲ್’ ಅಂತಿತ್ತು. ಬೇರೆ ಮನೆತನ ಅಂತ ಪಕ್ಕಕ್ಕಿಟ್ಟೆ. ಅದೇ ತಪ್ಪು.

ಮಾಲಿಪಾಟೀಲ ಅಂದರೆ ಕಂದಾಯ ನೋಡುವ ಪಾಟೀಲ. ಅದು ಹುದ್ದೆ, ಬರೆಯುವವರು ಅರ್ಧ ಬಿಟ್ಟರೂ ಬಿಟ್ಟಾರು! ಮೇಲಾಗಿ ನಿಜಾಮರ ಕಾಲದ ಆ ಕಾಗದ ಉರ್ದುವಿನಲ್ಲಿತ್ತು. ಆ ಲಿಪಿಯಲ್ಲಿ ಹ್ರಸ್ವ ಸ್ವರ ಸಾಮಾನ್ಯವಾಗಿ ಬರೆಯುವುದಿಲ್ಲ, ಳ, ಣ ಇಲ್ಲವೇ ಇಲ್ಲ. ಹಾಗಾಗಿ ಅಡ್ಡಹೆಸರು ಬಿಟ್ಟು ನಡುವಿನ ಹೆಸರು ಹಿಡಿದೆ. ನಮ್ಮಲ್ಲಿ ನಡುವೆ ಅಪ್ಪನ ಹೆಸರು, ಮೊಮ್ಮಗನಿಗೆ ಅಜ್ಜನ ಹೆಸರು, ಅಲ್ವಾ? ಬಸಪ್ಪ ಶರಣಪ್ಪ, ಆಮೇಲೆ ಶರಣಪ್ಪ ಬಸಪ್ಪ, ಮತ್ತೆ ಬಸಪ್ಪ. ಯಾವ ಬಸಪ್ಪ ಅಂತ ಗೊಂದಲವಾದಾಗ ಕಾಗದದಲ್ಲಿದ್ದ ಫಸಲಿ ವರ್ಷಕ್ಕೆ (ಅದು ಆಗಿನ ಕಂದಾಯ ಲೆಕ್ಕದ ವರ್ಷ) 590 ಕೂಡಿಸಿ ಇಸವಿ ತೆಗೆದೆ. ಫಸಲಿ 1347 ಅಂದರೆ ಸುಮಾರು 1937. ಮುತ್ತಜ್ಜ ಸಿಕ್ಕ.